ಪೂವಯ್ಯನ ಎರಡನೇ ಗುಂಡು

ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲವಂತೆ ಅದು. ಆ ಕಾಲದಲ್ಲಿ ಒಂದು ಊರು. ಊರಿನ ತಲೆಯ ಮೇಲೆ ಒಂದು ಹುಲ್ಲುಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಒಂದೇ ಒಂದು ಮನೆ. ಮನೆಯಲ್ಲಿ ಪೂವಯ್ಯ ಅಂತ ಒಬ್ಬ, ಅವನ ಹೆಂಡತಿ ಚೋಂದವ್ವ. ಮಕ್ಕಳಿರಲಿಲ್ಲ. ಒಂದು ಹಸು ಇತ್ತು, ಕೆಂಪಿ ಅಂತ.

ಆ ಊರಲ್ಲಿ ಮನೆಗೊಂದು ಕೋವಿ. ಡಂಗುರ ಸಾರೋದು ಇರಲಿಲ್ಲ, ಓಲೆ ಕಳಿಸೋದು ಇರಲಿಲ್ಲ. ಮಗು ಹುಟ್ಟಿದರೆ ಅಂಗಳಕ್ಕೆ ಬಂದು ಆಕಾಶಕ್ಕೆ ಒಂದು ಗುಂಡು ಹಾರಿಸೋದು. ಯಾರಾದರೂ ಸತ್ತರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಒಂದು ಕೇಳಿದರೆ ಜನ ನಗುತ್ತಾ ಬರುತ್ತಿದ್ದರು. ಎರಡು ಕೇಳಿದರೆ ಮಾತಿಲ್ಲದೆ ಬರುತ್ತಿದ್ದರು. ಬರುವುದಂತೂ ಬರುತ್ತಿದ್ದರು.

ಪೂವಯ್ಯ ಎಲ್ಲಕ್ಕೂ ಸಿದ್ಧವಾಗಿ ಬದುಕಿದವನು. ಬಾಗಿಲ ಪಕ್ಕದ ಗೋಡೆಗೆ ಗೂಟಗಳನ್ನು ಹೊಡೆದಿದ್ದ. ಒಂದರಲ್ಲಿ ಕೋವಿ. ಒಂದರಲ್ಲಿ ಮದ್ದು ತುಂಬಿದ ಕೊಂಬು. ಒಂದರಲ್ಲಿ ಕೋವಿಗೆ ಕಿಡಿ ಮುಟ್ಟಿಸೋ ಬತ್ತಿಯ ಸುರುಳಿ. ಆಮೇಲೆ ಕತ್ತಿ, ಹಗ್ಗ, ದೊಂದಿ, ಚಕಮಕಿ ಕಲ್ಲಿನ ಚೀಲ. ಕಣ್ಣು ಮುಚ್ಚಿ ಕೈ ಚಾಚಿದರೂ ಬೇಕಾದದ್ದೇ ಕೈಗೆ ಬರಬೇಕು. ಹುಲಿ ಬಂದರೆ ಇದು, ಕಳ್ಳ ಬಂದರೆ ಅದು, ಕಾಡುಕಿಚ್ಚು ಬಂದರೆ ಇನ್ನೊಂದು. ಬೇರೆಯವರು ಒಂದು ಗುಂಡು ಹಾರಿಸಿ ಹೊಗೆ ಊದುತ್ತಾ ನಿಂತಿದ್ದರೆ, ಅಷ್ಟರಲ್ಲಿ ಪೂವಯ್ಯ ಮದ್ದು ಸುರಿದು, ಗಜದ ಕೋಲಿನಿಂದ ನಳಿಗೆಗೆ ಗಿಡಿದು, ಎರಡನೆಯದನ್ನೂ ಹಾರಿಸಿರುತ್ತಿದ್ದನಂತೆ.

ಹಾಗಾಗಿ ಊರಿನವರು ಬುದ್ಧಿ ಕೇಳೋಕೆ ಬೆಟ್ಟ ಹತ್ತಿ ಬರುತ್ತಿದ್ದರು. ಕೆಳಗಿನ ಮನೆಯ ಉತ್ತಪ್ಪ ಅಂತೂ ವಾರಕ್ಕೊಮ್ಮೆ.

"ಪೂವಣ್ಣ, ಮದ್ದು ತಂಪು ಹಿಡಿದಿದೆ. ಒಲೆ ಪಕ್ಕ ಇಡ್ಲಾ?"

"ಇಡು. ಅದಕ್ಕೆ ಮುಂಚೆ ಹೆಂಡತಿ ಮಕ್ಕಳನ್ನ ಇಲ್ಲಿಗೆ ಕಳಿಸು. ಮನೆ ಹಾರಿಹೋದ ಮೇಲೆ ಅವರಿಗೆ ಇರೋಕೆ ಜಾಗ ಬೇಕಲ್ಲ."

"ಮತ್ತೆ ಏನು ಮಾಡ್ಲಿ?"

"ಮರದ ಮರಿಗೆಯಲ್ಲಿ ಹರಡಿ ಎಳೆಬಿಸಿಲಿಗೆ ಇಡು. ಚುಟ್ಟ ಸೇದೋ ನಿನ್ನ ಭಾವನ್ನ ಅವತ್ತು ಕರೀಬೇಡ."

ಕತ್ತಿ ಕೊಳ್ಳುವವನಿಗೆ, ಅಲಗು ಆಮೇಲೆ ನೋಡು, ಮೊದಲು ಹಿಡಿ ನೋಡು, ಕೈ ಬೆವರಿದಾಗ ಜಾರಬಾರದು ಅನ್ನುತ್ತಿದ್ದ. ಹಗ್ಗ ಕೊಳ್ಳುವವನಿಗೆ, ಉದ್ದ ಕೇಳಬೇಡ, ಎಲ್ಲಿ ಕಟ್ಟುತ್ತೀ ಅದನ್ನ ಹೇಳು ಅನ್ನುತ್ತಿದ್ದ.

ಚೋಂದವ್ವ ಒಳಗಿಂದ ಮಜ್ಜಿಗೆ ತಂದು ಕೊಡುತ್ತಾ ಹೇಳುತ್ತಿದ್ದಳು. "ಇವರು ಸ್ನಾನಕ್ಕೆ ಹೋಗುವಾಗಲೂ ಕತ್ತಿ ಒಯ್ತಾರೆ ಉತ್ತಪ್ಪ. ಬಿಸಿನೀರು ತಿರುಗಿ ಬಿದ್ದರೆ ಅಂತ."

ಚೋಂದವ್ವ ಸತ್ತದ್ದು ಒಂದು ಮಧ್ಯಾಹ್ನ. ಹುಲಿ ಬಂದಿರಲಿಲ್ಲ. ಕಳ್ಳ ಬಂದಿರಲಿಲ್ಲ. ಮಜ್ಜಿಗೆ ಕಡೆಯುತ್ತಿದ್ದವಳು ಕಂಬಕ್ಕೆ ಒರಗಿದಳು. ಕಡೆಗೋಲಿನ ಸದ್ದು ನಿಂತಿತು. ಏನು ಅಂತ ಪೂವಯ್ಯ ಒಳಗೆ ಬಂದು ನೋಡಿದ. ಬೆಣ್ಣೆ ತೇಲುತ್ತಿತ್ತು. ಅವಳು ಇರಲಿಲ್ಲ.

ಪೂವಯ್ಯ ಕೋವಿ ತೆಗೆದುಕೊಂಡು ಅಂಗಳಕ್ಕೆ ಬಂದ. ಮದ್ದು ತುಂಬಿದ. ಬತ್ತಿ ಹೊತ್ತಿಸಿದ. ಬೆರಳು ಬಾಗಲಿಲ್ಲ.

ಹಾರಿಸಿದರೆ ಊರಿಗೆ ಗೊತ್ತಾಗುತ್ತೆ. ಊರಿಗೆ ಗೊತ್ತಾದರೆ ನನಗೂ ಗೊತ್ತಾಗುತ್ತೆ. ಹೀಗಂದುಕೊಂಡ. ಬತ್ತಿಯನ್ನು ಕಾಲಲ್ಲಿ ಹೊಸಕಿದ. ಕೋವಿಯ ಮದ್ದು ಕೊಡವಿ ಗೂಟಕ್ಕೆ ಹಾಕಿದ. ಹಿತ್ತಲ ನೇರಳೆ ಮರದ ಕೆಳಗೆ ತಾನೇ ಅಗೆದ, ತಾನೇ ಮಲಗಿಸಿದ, ತಾನೇ ಮಣ್ಣು ಎಳೆದ. ಮೇಲೆ ಬೇರುಸಮೇತ ಕಿತ್ತ ಹುಲ್ಲಿನ ಹೆಂಟೆ ಹೊದಿಸಿದ.

ಉತ್ತಪ್ಪ ಬಂದ. "ಅತ್ತಿಗೆ ಎಲ್ಲಿ?"

"ತವರಿಗೆ ಹೋಗಿದ್ದಾಳೆ."

ಆ ಮಾತು ಬೆಟ್ಟ ಇಳಿಯಿತು. ಊರಿನ ಸೂಲಗಿತ್ತಿ ಬೊಳ್ಳಕ್ಕ ಅಂತ ಒಬ್ಬಳು. ಎಲ್ಲರಿಗೂ ಅಕ್ಕ. ಅವಳು ಮೇಲೆ ಬಂದು ಪೂವಯ್ಯನ ಮುಖ ನೋಡಿದಳು. ಸೊರಗಿದ್ದ. ಅವಳು ಬೇರೆಯೇ ತಿಳಿದಳು.

"ಏನೋ ಪೂವಯ್ಯ, ಒಂದು ದಿನ ನಿನ್ನ ಬಿಟ್ಟು ಇರದವಳು ಇಷ್ಟು ದಿನ ತವರಲ್ಲಿ ಕೂತಿದ್ದಾಳೆ. ಹೆಂಗಸರು ಸುಮ್ಮನೆ ತವರಿಗೆ ಹೋಗಿ ಕೂರ್ತಾರಾ?"

"ಇಲ್ಲಕ್ಕ, ಹಾಗೇನಿಲ್ಲ."

"ಗೊತ್ತು ಬಿಡು. ದೃಷ್ಟಿ ತಾಗುತ್ತೆ ಅಂತ ಬಾಯಿ ಬಿಡಲ್ಲ ನೀನು. ಈ ವಯಸ್ಸಿಗೆ ಆದರೂ ಆಯ್ತಲ್ಲ, ನಾನೂ ಬಾಯಿ ಬಿಡಲ್ಲ." ಹಾಗಂತ ಹೇಳಿ ಹೋದವಳು, ದಾರಿಯ ಪ್ರತಿ ಮನೆಯಲ್ಲೂ ಬಾಯಿ ಬಿಟ್ಟಳಂತೆ.

ಇನ್ನು ಚೋಂದವ್ವನ ಮಾತು.

ಏಳೆಂಟು ತಿಂಗಳಾದ ಮೇಲೆ ಒಂದು ಮುಸ್ಸಂಜೆ ಪೂವಯ್ಯ ಜಗಲಿಯಲ್ಲಿ ಕೂತಿದ್ದ. ಕಣಿವೆಯಿಂದ ಮಂಜು ಮೇಲೆ ಬಂತು. ಮಂಜಿನೊಳಗಿಂದ ಚೋಂದವ್ವ ಬಂದಳು. ಜಗಲಿಯ ಕೆಳಗೆ ನಿಂತಳು. ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲ ಮಾತ್ರ ಒದ್ದೆಯಾಗಲಿಲ್ಲ.

"ಬಂದೆಯಾ ಚೋಂದಿ," ಅಂದ.

"ಬಂದೆ. ಅಲ್ಲಿ ಒಳಗೆ ಬಿಡ್ತಾ ಇಲ್ಲ ನೋಡಿ."

"ಎಲ್ಲಿ?"

"ಹುಲ್ಲು ಮುಗಿದ ಮೇಲೆ ಒಂದು ಕಣಿವೆ ಇದೆ. ತುಂಬ ಮಂಜು. ಕಣಿವೆಯ ಬಾಯಲ್ಲಿ ಒಬ್ಬಳು ಅಜ್ಜಿ ನೆಲಕ್ಕೆ ಕಿವಿ ಇಟ್ಟು ಮಲಗಿದ್ದಾಳೆ. ನಿನ್ನ ಹೆಸರಲ್ಲಿ ಸದ್ದು ಬಂದಿಲ್ಲವಲ್ಲಮ್ಮ, ಹೋಗಿ ಕೇಳಿಸಿಕೊಂಡು ಬಾ ಅಂತಾಳೆ. ನನ್ನ ಹಿಂದೆ ಬಂದವರೆಲ್ಲ ಒಳಗೆ ಹೋದರು. ನಾನೊಬ್ಬಳೇ."

ಪೂವಯ್ಯನಿಗೆ ಗೊತ್ತಿತ್ತು. ಯಾವ ಸದ್ದು ಅಂತ ಗೊತ್ತಿತ್ತು. ಆದರೆ ಅವಳು ಬಂದು ನಿಂತಿದ್ದಳಲ್ಲ. ಒಳಗೆ ಬಿಟ್ಟರೆ ನಾಳೆ ಬರುತ್ತಾಳಾ?

"ದಾರಿಯಲ್ಲಿ ಪೊದೆ ಇರಬೇಕು," ಅಂದ. ಎದ್ದು ಕತ್ತಿ ತಂದುಕೊಟ್ಟ. "ಪಕ್ಕದಿಂದ ದಾರಿ ಕಡಿದುಕೊಂಡು ಹೋಗು. ಮೇಲಿಂದ ಹೊಡೀಬೇಡ, ಓರೆಯಾಗಿ ಹೊಡಿ."

ಅವಳು ಕತ್ತಿ ಹಿಡಿದು ಹೋದಳು. ಮಾರನೆ ಸಂಜೆ ಬಂದಳು. ಕತ್ತಿ ವಾಪಸು ಕೊಟ್ಟಳು.

"ಮಂಜು ಕಡಿದರೆ ಹಿಂದೆಯೇ ಕೂಡಿಕೊಳ್ಳುತ್ತೆ ನೋಡಿ," ಅಂದಳು. ಆಮೇಲೆ ಕೊಟ್ಟಿಗೆ ಕಡೆ ನೋಡಿದಳು. "ಅದರ ಹೆಸರೇನು, ಆ ಹಸುವಿನದು?"

"ಕೆಂಪಿ."

"ಹೌದಲ್ಲ," ಅಂದಳು. ಕರುವಾಗಿದ್ದಾಗ ಅದಕ್ಕೆ ಆ ಹೆಸರಿಟ್ಟವಳು ಅವಳೇ.

ಇವನು ಹಗ್ಗ ಕೊಟ್ಟ. ಮೇಲಿನ ಬಂಡೆಯಿಂದ ಇಳಿ ಅಂದ. ಅವಳು ಹೋದಳು, ಬಂದಳು. ಹಗ್ಗವನ್ನು ಸುರುಳಿ ಸುತ್ತಿಯೇ ತಂದಿದ್ದಳು.

"ಅಲ್ಲಿ ಕಟ್ಟೋಕೆ ಏನೂ ಇಲ್ಲ. ಮರವೂ ಇಲ್ಲ, ಗೂಟವೂ ಇಲ್ಲ." ಜಗಲಿಯನ್ನು ನೋಡಿದಳು. "ಈ ಮನೆ ಚೆನ್ನಾಗಿದೆ. ಯಾರದು?"

ಪೂವಯ್ಯ ದೊಂದಿಯ ಕಡೆ ಕೈ ಚಾಚಿದ. ಬೆಟ್ಟದಲ್ಲಿ ಹೆಸರಿಲ್ಲದೆ ಸುತ್ತುವ ಮಂಜು ಇರುತ್ತೆ. ದನ ಅದನ್ನು ಕಂಡರೆ ಬೆದರುತ್ತೆ. ಅವೆಲ್ಲ ಒಂದು ಕಾಲಕ್ಕೆ ಯಾರೋ ಆಗಿದ್ದವರು, ಸದ್ದು ಸಿಗದೆ ಉಳಿದವರು, ಎಲ್ಲಾ ಮರೆತವರು ಅಂತ ಅವನಜ್ಜಿ ಹೇಳುತ್ತಿದ್ದಳು. ಅದು ನೆನಪಾಯಿತು. ಆದರೂ ದೊಂದಿ ಹೊತ್ತಿಸಿ ಕೊಟ್ಟ. ಗಾಳಿಗೆ ಬೆನ್ನು ಕೊಟ್ಟು ನಡಿ ಅಂತ ಹೇಳಿಕೊಟ್ಟ. ಅವಳು ಕಣಿವೆಗೆ ಇಳಿಯುವವರೆಗೂ ಆ ಬೆಳಕನ್ನು ನೋಡುತ್ತಾ ನಿಂತ. ಇನ್ನೊಂದು ಸಂಜೆ ಸಿಕ್ಕಿತು ಅಂತ ಅವನಿಗೆ ಒಳಗೊಳಗೆ ಹಿತವೇ ಆಗಿತ್ತಂತೆ.

ಮಾರನೆ ದಿನ ಹೊತ್ತು ಇಳಿಯುವ ಮುಂಚೆಯೇ ಮಂಜು ಬಂತು. ಬೆಟ್ಟದ ಕೆಳಗೆ ಇನ್ನೂ ಬಿಸಿಲಿತ್ತು. ಚೋಂದವ್ವ ಅಂಗಳದ ಅಂಚಲ್ಲಿ ನಿಂತಳು. ದೊಂದಿ ಆರಿತ್ತು. ಅವಳ ಮೈಯ ಆಚೆಗಿನ ಹುಲ್ಲು ಕಾಣುತ್ತಿತ್ತು. ಹತ್ತಿರ ಬರಲಿಲ್ಲ. ಸೆರಗನ್ನು ಹೊದ್ದುಕೊಂಡಳು, ಪರಗಂಡಸಿನ ಮುಂದೆ ಹೊದ್ದುಕೊಳ್ಳುವ ಹಾಗೆ.

"ಅಣ್ಣಾ," ಅಂದಳು. "ಈ ದಾರಿ ಎಲ್ಲಿಗೆ ಹೋಗುತ್ತೆ?"

ಪೂವಯ್ಯ ಕೂತಲ್ಲೇ ಕೂತಿದ್ದ. ಆಮೇಲೆ ಎದ್ದ.

"ನಿಲ್ಲು ತಾಯಿ," ಅಂದ. "ಹೇಳ್ತೀನಿ."

ಗೂಟದಿಂದ ಕೋವಿ ತೆಗೆದ. ಅಂಗಳದ ನಡುವೆ ನಿಂತ. ಮದ್ದು ತುಂಬಿದ. ಬತ್ತಿಗೆ ಕಿಡಿ ಕೊಟ್ಟ. ಆಕಾಶಕ್ಕೆ ಹಿಡಿದ. ಹಾರಿಸಿದ.

ಬೆಟ್ಟ ಆ ಸದ್ದನ್ನು ಇನ್ನೊಂದು ಬೆಟ್ಟಕ್ಕೆ ಕೊಟ್ಟಿತು. ಅದು ಊರಿಗೆ ಕೊಟ್ಟಿತು. ಚೋಂದವ್ವ ತಲೆ ಎತ್ತಿದಳು. ಯಾರೋ ದೂರದಿಂದ ಕೂಗಿದರೆ ತಿರುಗುತ್ತಾರಲ್ಲ, ಹಾಗೆ ಅರ್ಧ ತಿರುಗಿದಳು. ಅರ್ಧಕ್ಕೇ ನಿಂತಳು.

ಇನ್ನೊಂದು ಬೇಕು.

ಪೂವಯ್ಯ ಕೊಂಬು ಬಗ್ಗಿಸಿದ. ಮದ್ದು ಕೈಮೇಲೆ ಸುರಿಯಿತು. ಮತ್ತೆ ಬಗ್ಗಿಸಿದ. ನೆಲಕ್ಕೆ ಹೋಯಿತು. ಗಜ ನಳಿಗೆಯ ಬಾಯಿಗೆ ಸಿಗಲಿಲ್ಲ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಈಗ ಕಣ್ಣು ಬಿಟ್ಟರೂ ಆಗಲಿಲ್ಲ. ಬತ್ತಿ ಆರಿತು. ಚಕಮಕಿ ಕೈಜಾರಿತು. ಹುಲ್ಲಲ್ಲಿ ಹುಡುಕಿದ.

ಆಗ ಕೆಳಗಿನಿಂದ ನಗು ಕೇಳಿಸಿತು.

ಮೊದಲು ಒಂದು ಮನೆಯಿಂದ. ಆಮೇಲೆ ಇನ್ನೊಂದು. ನೋಡಿದರೆ ಊರಿಗೂರೇ ದಾರಿಗೆ ಬಿದ್ದಿದೆ. ಯಾರೋ ತಮಟೆ ಬಡಿಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಬೊಳ್ಳಕ್ಕ.

"ನಾನು ಹೇಳಿರಲಿಲ್ಲವೇನೇ," ಅನ್ನುವ ಅವಳ ದನಿ ಗಾಳಿಯಲ್ಲಿ ಬಂತು. "ಬಾಯೇ ಬಿಡಲ್ಲ ಅವನು. ತವರಿಂದ ಸುದ್ದಿ ಬಂದಿರಬೇಕು."

"ಗಂಡೋ ಹೆಣ್ಣೋ?" ಅಂತ ಉತ್ತಪ್ಪ ಕೂಗುತ್ತಿದ್ದ. "ಪೂವಣ್ಣ, ತೊಟ್ಟಿಲಿಗೂ ಕತ್ತಿ ಕಟ್ಟಬೇಡ ಮಾರಾಯ."

ಎಲ್ಲರೂ ನಕ್ಕರು. ಅವರ ನಗು ಬೆಟ್ಟ ಹತ್ತಿ ಬರುತ್ತಿತ್ತು.

ಪೂವಯ್ಯನ ಕೈ ನಿಂತಿತು. ಒಂದೇ ಗುಂಡಿಗೆ ಬಿಟ್ಟುಬಿಡಬಹುದಿತ್ತು. ಅವರ ಲೆಕ್ಕದಲ್ಲಿ ಚೋಂದಿ ಈಗ ತವರಲ್ಲಿದ್ದಾಳೆ, ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದಾಳೆ, ಪಕ್ಕದಲ್ಲಿ ಕೂಸಿದೆ. ಅದನ್ನು ತಾನೂ ಮನಸ್ಸಲ್ಲೇ ನೋಡಿದ. ಚೆನ್ನಾಗಿತ್ತು.

ಆದರೆ ಅವಳು ಅಂಗಳದ ಅಂಚಲ್ಲಿ ಅರ್ಧ ತಿರುಗಿಕೊಂಡು ನಿಂತಿದ್ದಳು. ದಾರಿ ಕೇಳಿದ್ದಳು.

ಪೂವಯ್ಯ ಮಂಡಿಯೂರಿ ಕೂತ. ಕೋವಿಯನ್ನು ತೊಡೆಗೆ ಒರಗಿಸಿಕೊಂಡ. ಮಗುವಿಗೆ ಔಷಧ ಕುಡಿಸುವ ಹಾಗೆ, ಸ್ವಲ್ಪ ಸ್ವಲ್ಪ ಮದ್ದು ಹಾಕಿದ. ಗಿಡಿದ. ಬತ್ತಿ ಹೊತ್ತಿತು. ಎದ್ದು ನಿಂತ. ಜನ ಕೊನೆಯ ತಿರುವಿಗೆ ಬಂದಿದ್ದರು, ಮುಖ ಕಾಣುತ್ತಿತ್ತು. ಆ ನಗುವ ಮುಖಗಳ ಎದುರಿಗೇ ಹಾರಿಸಿದ.

ತಮಟೆ ನಿಂತಿತು. ನಗು ನಿಂತಿತು.

ಚೋಂದವ್ವ ಪೂರ್ತಿ ತಿರುಗಿದಳು. ತಿರುಗುವಾಗ ಅವನ ಮುಖ ನೋಡಿದಳು. ಈ ಸಲ ಗುರುತು ಇತ್ತು.

"ಹೋಗಿಬರ್ತೀನಿ ನೋಡಿ," ಅಂದಳು. "ಕೆಂಪಿಗೆ ನೀರಿಟ್ಟಿದ್ದೀರಾ?"

"ಇಟ್ಟಿದ್ದೀನಿ."

ಅವಳು ಹುಲ್ಲಿನಲ್ಲಿ ನಡೆದಳು. ಹುಲ್ಲು ಮುಗಿಯಿತು. ಮಂಜು ಅವಳ ಹಿಂದೆಯೇ ಇಳಿದುಹೋಯಿತು. ಅಂಗಳದ ತುಂಬ ಇಳಿಬಿಸಿಲು ಬಂತು.

ಊರಿನವರು ತಿರುವಿನಲ್ಲಿ ನಿಂತೇ ಇದ್ದರಂತೆ. ಒಂದು ಗುಂಡಿಗೆ ಹೊರಟವರು ಎರಡು ಕೇಳಿದ್ದರು. ಅಂಥದ್ದು ಆ ಊರಲ್ಲಿ ಎಂದೂ ಆಗಿರಲಿಲ್ಲ. ಏನು ಮಾಡಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಆಮೇಲೆ ಬೊಳ್ಳಕ್ಕ ಒಂದು ಹೆಜ್ಜೆ ಇಟ್ಟಳು. ಎಲ್ಲರೂ ಇಟ್ಟರು.

ಕೈಯಲ್ಲಿ ಹಿಡಿದಿದ್ದನ್ನು ಹಿಡಿದುಕೊಂಡೇ ಬಂದರು. ಉತ್ತಪ್ಪನ ಕೈಯಲ್ಲಿ ಬೆಲ್ಲದ ಅಚ್ಚು. ಅವನ ಹೆಂಡತಿಯ ಕೈಯಲ್ಲಿ ಕೂಸಿನ ಕುಲಾವಿ, ಇನ್ನೂ ದಾರ ನೇತಾಡುತ್ತಿತ್ತು. ಯಾರೋ ಹಳೆ ಸೀರೆ ಹರಿದು ಮೆತ್ತಗೆ ಮಡಚಿ ತಂದಿದ್ದರು. ಸಾವಿನ ಮನೆಗೆ ಬೇಕಾದ್ದು ಒಂದೂ ಅವರ ಹತ್ತಿರ ಇರಲಿಲ್ಲ.

"ಎಲ್ಲಿ?" ಅಂದಳು ಬೊಳ್ಳಕ್ಕ.

ಪೂವಯ್ಯ ನೇರಳೆ ಮರ ತೋರಿಸಿದ.

"ಯಾವತ್ತು?"

"ತವರಿಗೆ ಹೋದಳು ಅಂದೆನಲ್ಲ. ಅವತ್ತು."

ಯಾರೂ ಬೈಯಲಿಲ್ಲ. ಮಡಚಿದ ಸೀರೆಯನ್ನು ಹುಲ್ಲಿನ ಹೆಂಟೆಗಳ ಮೇಲೆ ಹಾಸಿದರು. ಬೆಲ್ಲ ಇಟ್ಟರು. ಕುಲಾವಿಯನ್ನು ಎಲ್ಲಿಡುವುದು ಅಂತ ತಿಳಿಯದೆ ಉತ್ತಪ್ಪನ ಹೆಂಡತಿ ಅದನ್ನು ಕೈಯಲ್ಲೇ ಹಿಡಿದು ಅತ್ತಳು. ಬೊಳ್ಳಕ್ಕ ಕೂಸಿಗೆಂದು ಹರಳೆಣ್ಣೆ ತಂದಿದ್ದಳು. ಅರ್ಧವನ್ನು ಹಣತೆಗೆ ಸುರಿದು ಮರದ ಬುಡದಲ್ಲಿ ಹಚ್ಚಿದಳು.

ಇನ್ನರ್ಧ ಉಳಿಯಿತು. ಅವಳು ಪೂವಯ್ಯನ ಹತ್ತಿರ ಬಂದಳು. ಅವನು ಇನ್ನೂ ಕೋವಿ ಹಿಡಿದೇ ನಿಂತಿದ್ದ.

"ಅದನ್ನ ಇಡು. ಕೂತ್ಕೋ," ಅಂದಳು.

ಇಟ್ಟ. ಕೂತ.

ಬೊಳ್ಳಕ್ಕ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡಳು. ಹುಟ್ಟಿದ ಕೂಸಿನ ನೆತ್ತಿಗೆ ಒತ್ತುವ ಹಾಗೆ ಅವನ ನೆತ್ತಿಗೆ ಒತ್ತಿದಳು. "ಎಷ್ಟು ದಿನ ಆಯ್ತೋ ತಲೆಗೆ ಎಣ್ಣೆ ಕಂಡು. ಸುಡ್ತಾ ಇದೆ," ಅಂದಳು. ನಿಧಾನವಾಗಿ ತಟ್ಟಿದಳು.

ಆಗ ಪೂವಯ್ಯ ಅತ್ತನಂತೆ. ಅದೊಂದಕ್ಕೆ ಮಾತ್ರ ಅವನು ಸಿದ್ಧನಾಗಿರಲಿಲ್ಲ.

ಅವತ್ತು ಊರಿನ ಒಲೆಗಳೆಲ್ಲ ಬೆಟ್ಟದ ಮೇಲೆಯೇ ಹೊತ್ತಿದವಂತೆ. ಅವರ ಒಲೆಯ ಹೊಗೆ ಅವರ ಬೆಟ್ಟಕ್ಕೆ, ಕೇಳಿದವರ ನಿದ್ದೆ ಕೇಳಿದವರ ಕಣ್ಣಿಗೆ. ಕಥೆ ಮೇಲೆ ಉಳಿಯಿತು, ನಾವು ಕೆಳಗೆ ಇಳಿದೆವು.