ಉಳಿದವರಿಗೆ ಹೇಳಬೇಡಿ

“ಮೇಷ್ಟ್ರೇ, ಈ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಆಟ ಓಡುತ್ತದೆಯೇ? ಇಲ್ಲ, ಹೊಸ ಕಂಪ್ಯೂಟರನ್ನೇ ಕೊಳ್ಳಬೇಕೇ?”

ಕೇಳಿದವನು ತಿಪ್ಪೇಶ. ಹದಿನೈದು ವರ್ಷದ ಹಿಂದೆ ರುದ್ರಯ್ಯ ಮೇಷ್ಟ್ರ ಕಂಪ್ಯೂಟರ್ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತ ಐವರು ಗೆಳೆಯರಲ್ಲಿ ಅವನೊಬ್ಬ. ಈಗ ಐವರಿಗೂ ಸಂಸಾರವಿದೆ, ಕೆಲಸವಿದೆ. ಆದರೂ ಪ್ರತಿ ಭಾನುವಾರ ಮಧ್ಯಾಹ್ನ ತಂತಮ್ಮ ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಒಟ್ಟಿಗೆ ಒಂದು ಹಳೆಯ ಆಟ ಆಡುತ್ತಾರೆ. ಹೋದ ವಾರ ಅವರಲ್ಲೊಬ್ಬ, ಯುಗಾದಿಯಿಂದ ಹೊಸ ಆಟ ಶುರುಮಾಡೋಣ ಎಂದು ಬರೆದ. ಎಲ್ಲರೂ ಸೈ ಎಂದರು. ತಿಪ್ಪೇಶನೂ ಸೈ ಎಂದ. ಅವನ ಕಂಪ್ಯೂಟರಿಗೆ ಒಂಬತ್ತು ವರ್ಷ. ಹೊಸ ಆಟ ಅದರಲ್ಲಿ ತೆರೆಯಲೂ ಇಲ್ಲ.

“ಯುಗಾದಿಗೆ ಎಂಟೇ ದಿನ ಉಳಿದಿದೆ,” ಎಂದ ತಿಪ್ಪೇಶ. “ಹೆದರಿಕೆ ಆಗ್ತಿದೆ ಮೇಷ್ಟ್ರೇ. ನಾನು ಬರದಿದ್ದರೆ ನನ್ನ ಜಾಗಕ್ಕೆ ಇನ್ಯಾರನ್ನೋ ಸೇರಿಸಿಕೊಳ್ತಾರೆ. ನನ್ನನ್ನ ‘ಲೋ ತಿಪ್ಪಾ’ ಅಂತ ಕರೆಯೋರು ಈಗ ಅವರು ನಾಲ್ವರೇ. ಊಟ ಸೇರ್ತಿಲ್ಲ. ನಾನು ಬಂದದ್ದು ಉಳಿದವರಿಗೆ ಮಾತ್ರ ಹೇಳಬೇಡಿ.”

ಮೇಷ್ಟ್ರು ತಮ್ಮ ರಿಪೇರಿ ಅಂಗಡಿಯ ಮೇಜಿನ ಮೇಲೆ ಕಂಪ್ಯೂಟರಿನ ಮುಚ್ಚಳ ತೆಗೆದು ಧೂಳು ಊದಿದರು. ಹಿಂದಿನ ಹಲಗೆಯ ಮೇಲೆ ರಿಪೇರಿಗೆ ಬಂದ ಮೂರು ಕಂಪ್ಯೂಟರುಗಳಿದ್ದವು. ಇದನ್ನಿಡಲು ಅಲ್ಲಿ ಜಾಗವಿರಲಿಲ್ಲ.

“ಕಾರ್ಡ್ ಹಾಕಬಹುದು. ಆದರೆ ಅದಕ್ಕೆ ನಿನ್ನ ಪವರ್ ಸಪ್ಲೈ ಸಾಲದು. ಅದನ್ನೂ ಬದಲಾಯಿಸಿದೆ ಅನ್ನು, ಪ್ರೊಸೆಸರ್ ಏದುಸಿರು ಬಿಡುತ್ತೆ. ಅದನ್ನೂ ಬದಲಾಯಿಸಿದರೆ ನಿನ್ನದು ಅಂತ ಉಳಿಯೋದು ಈ ತಗಡಿನ ಡಬ್ಬ ಒಂದೇ. ಕೂತ್ಕೋ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ.”

ಮೇಷ್ಟ್ರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಹಾರ್ಮೋನಿಯಂ ನುಡಿಸುವವನಿದ್ದ. ಪ್ರತಿ ಸೋಮವಾರ ಐವರು ಸೇರಿ ಭಜನೆ ಮಾಡುತ್ತಿದ್ದರು. ನಾಲ್ವರು ಹಾಡುವವರು, ಇವನು ನುಡಿಸುವವನು. ಮಹಾ ಗಾಯಕರೇನಲ್ಲ ಬಿಡು. ಹಾಡು ಮುಗಿದ ಮೇಲೆ ಮಂಡಕ್ಕಿ ತಿಂದು, ಒಬ್ಬರ ಕಾಲನ್ನೊಬ್ಬರು ಎಳೆದು ಮನೆಗೆ ಹೋಗುತ್ತಿದ್ದರು. ಅಷ್ಟೇ.

ಒಂದು ದಿನ ಹಾಡುವವರಲ್ಲಿ ಒಬ್ಬ, “ಇನ್ನು ಮೇಲೆ ಶ್ರುತಿ ಏರಿಸಿ ಹಾಡೋಣ” ಎಂದ. ಎಲ್ಲರೂ ತಲೆಯಾಡಿಸಿದರು. ಹಾರ್ಮೋನಿಯಂನವನು ಮಾತ್ರ ತನ್ನ ಪೆಟ್ಟಿಗೆಯತ್ತ ನೋಡಿದ. ಅವನ ಪೆಟ್ಟಿಗೆ ಹಳೆಯದು. ಮೇಲಿನ ಸ್ವರದ ಕೀಗಳನ್ನು ಒತ್ತಿದರೆ ಸ್ವರಕ್ಕಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಿದನೇ? ಇಲ್ಲ. ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಕಳಿಸಿ, ಪೆಟ್ಟಿಗೆ ಹೊತ್ತುಕೊಂಡು ರಿಪೇರಿಯವನ ಹತ್ತಿರ ಓಡಿದ.

ಸ್ವರ ಹೊರಡಿಸುವ ಹೊಸ ರೀಡು ಹಾಕಿಸಿದ. ಹೊಸ ರೀಡಿಗೆ ಹಳೆಯ ತಿದಿಯ ಗಾಳಿ ಸಾಲಲಿಲ್ಲ. ಹೊಸ ತಿದಿ ಹಾಕಿಸಿದ. ಅದರ ಒತ್ತಡಕ್ಕೆ ಹಳೆಯ ಮರ ಸಂದು ಬಿಟ್ಟಿತು. ಇಲ್ಲಿಗೆ ನಿಲ್ಲಿಸಿದರೆ ಹಾಕಿಸಿದ್ದೆಲ್ಲ ದಂಡ ಎಂದು ಮರವನ್ನೂ ಬದಲಾಯಿಸಿದ. ಒಂದೊಂದು ಸೋಮವಾರ ಕಳೆದಾಗಲೂ, ಈಗ ಬೇರೆ ಯಾರನ್ನೋ ಕೂರಿಸಿಕೊಂಡಿರುತ್ತಾರೆ, ನನ್ನನ್ನು ಮರೆತಿರುತ್ತಾರೆ ಎಂದು ಒಳಗೊಳಗೇ ಬೇಯುತ್ತಿದ್ದ. ಅವರ ಮನೆಗಳು ಕೂಗಳತೆಯಲ್ಲೇ ಇದ್ದವು, ಮಹಾರಾಯ ಒಂದು ಸಲವೂ ಹೋಗಿ ಬಾಗಿಲು ತಟ್ಟಲಿಲ್ಲ.

ಆರನೆಯ ಸೋಮವಾರ ಹೊಸ ಪೆಟ್ಟಿಗೆ ಹೊತ್ತು ಹೋದ. ಅವನ ಜಾಗ ಖಾಲಿಯೇ ಇತ್ತು. ಬೇರೆ ಯಾರೂ ಬಂದು ಕೂತಿರಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು. ಕೂತು, ತಿದಿ ಒತ್ತಿ, ಮೇಲಿನ ಶ್ರುತಿ ಹಿಡಿದ. ಸ್ವರ ತುಂಬಿ ಬಂತು. ಶ್ರುತಿ ಏರಿಸೋಣ ಎಂದವನೊಬ್ಬನೇ ಹಾಡಿದ. ಉಳಿದ ಮೂವರು ಬಾಯಿ ಬಿಡಲಿಲ್ಲ. ನೆಲ ನೋಡುತ್ತ ಕೂತರು.

ಕೊನೆಗೆ ಅವರಲ್ಲಿ ಹಿರಿಯನು ಹೇಳಿದ: “ಎಂಥ ಕೆಲಸ ಮಾಡಿದೆಯೋ ಮಾರಾಯಾ! ಅಷ್ಟು ಮೇಲಕ್ಕೆ ನಮ್ಮ ಗಂಟಲು ಏರೋದಿಲ್ಲ. ನಿನ್ನ ಪೆಟ್ಟಿಗೆ ಹಳೇದು, ನೀನೇ ಬೇಡ ಅಂತೀಯ, ನಮ್ಮ ಮಾನ ಉಳಿಯುತ್ತೆ ಅಂತ ಕಾದಿದ್ದೆವು.”

ಮುಂದಿನ ಸೋಮವಾರ ಒಬ್ಬನಿಗೆ ಕೆಮ್ಮು. ಇನ್ನೊಬ್ಬನ ಮನೆಗೆ ನೆಂಟರು. ಅದರ ಮುಂದಿನ ವಾರ ಮೂರನೆಯವನೂ ಬರಲಿಲ್ಲ. ಆಮೇಲೆ ಭಜನೆ ಮನೆಯ ಬಾಗಿಲು ತೆಗೆಯುವವರೇ ಇಲ್ಲವಾದರು. ಹಾರ್ಮೋನಿಯಂನವನು ಮನೆಯಲ್ಲಿ ಒಬ್ಬನೇ ಕೂತು ನುಡಿಸುತ್ತಿದ್ದ. ಪೆಟ್ಟಿಗೆಯೇನೋ ಚೆನ್ನಾಗಿಯೇ ನುಡಿಯುತ್ತಿತ್ತು.

ಮೇಷ್ಟ್ರು ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ತಿಪ್ಪೇಶ ಚಡಪಡಿಸಿದ.

“ಕತೆ ಸರಿ ಮೇಷ್ಟ್ರೇ. ಆದರೆ ನನ್ನ ಗೆಳೆಯರು ಹಾಗಲ್ಲ. ಅವರು ನಾಲ್ವರೂ ತಯಾರಾಗಿದ್ದಾರೆ, ಹಿಂದೆ ಬಿದ್ದವನು ನಾನೊಬ್ಬನೇ. ಕಾರ್ಡ್ ಹಾಕಿಸಲೋ ಬೇಡವೋ, ಅದೊಂದು ಹೇಳಿಬಿಡಿ.”

ಮೇಷ್ಟ್ರು ತಿರುಗಿ ನೋಡದೆ, ಹೆಬ್ಬೆರಳಿನಿಂದ ಬೆನ್ನ ಹಿಂದಿನ ಹಲಗೆಯನ್ನು ತೋರಿಸಿದರು.

“ಆ ಮೂರೂ ನಿನ್ನ ಗೆಳೆಯರವೇ ಕಣಯ್ಯಾ, ಈ ವಾರ ಒಬ್ಬೊಬ್ಬನೇ ಬಂದು, ಉಳಿದವರಿಗೆ ಹೇಳಬೇಡಿ ಅಂತ ಇಟ್ಟುಹೋಗಿದ್ದಾರೆ.”