ಲಗಮವ್ವನ ನಾಯಿಗಳು

ಬಹಳ ಹಿಂದೆ, ವರ್ಷಗಳನ್ನು ಯಾರೂ ಎಣಿಸದಿದ್ದ ಕಾಲದಲ್ಲಿ, ಎರೆಹೊಲಗಳ ನಡುವೆ ಒಂದು ಊರಿತ್ತಂತೆ. ಸುಗ್ಗಿ ಮುಗಿದ ಮೇಲೆ ಆ ಊರಿಗೆ ಒಂದು ಕುರಿಹಟ್ಟಿ ನಡೆದುಕೊಂಡು ಬರುತ್ತಿತ್ತಂತೆ. ದೂರದಿಂದ ನೋಡಿದವರಿಗೆ ಕರಿಮೋಡವೊಂದು ನೆಲಕ್ಕಿಳಿದು ಮೇಯುತ್ತ ಬಂದ ಹಾಗೆ ಕಾಣುತ್ತಿತ್ತಂತೆ. ಮೋಡದ ಮುಂದೆ ಒಬ್ಬ ಹೆಂಗಸು. ಅವಳ ಹೆಗಲ ಮೇಲೆ ಕಂಬಳಿ, ಕಂಬಳಿಯೊಳಗೆ ಆಗಷ್ಟೇ ಹುಟ್ಟಿದ ಮರಿ. ಅವಳೇ ಲಗಮವ್ವ. ಅವಳ ಹೆಸರು ನಿಂಗವ್ವ ಎಂದು ಕೆಳಗಿನ ಓಣಿಯವರು ಹೇಳುತ್ತಾರೆ, ಅದು ತಪ್ಪು. ನಮ್ಮ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು ಲಗಮವ್ವ ಎಂದೇ.

ಅವಳ ಕೈಯಲ್ಲಿ ಮರಿ ಸಾಯುತ್ತಿರಲಿಲ್ಲ ಎನ್ನುತ್ತಾರೆ. ತಾಯಿ ಸತ್ತ ಮರಿ, ತಾಯಿ ಒದ್ದು ದೂಡಿದ ಮರಿ, ಹುಲ್ಲುಕಡ್ಡಿಯಂಥ ಕಾಲಿನ ಮರಿ, ಎಲ್ಲವೂ ಬದುಕುತ್ತಿದ್ದವಂತೆ. ಅವಳು ಮದ್ದು ಅರೆಯುತ್ತಿರಲಿಲ್ಲ, ಮಂತ್ರ ಹಾಕುತ್ತಿರಲಿಲ್ಲ. ಮರಿಯ ಮೈ ಒಣಗುವ ಮೊದಲೇ, ಈದ ಕುರಿಯ ಮೊದಲ ಹಾಲನ್ನು, ಹಳದಿ ಬಣ್ಣದ ಆ ಗಟ್ಟಿ ಗಿಣ್ಣದ ಹಾಲನ್ನು, ಅದರ ಬಾಯಿಗೆ ಬಿಡುತ್ತಿದ್ದಳು. ಗಿಣ್ಣ ಕಾಸಲೆಂದು ಊರವರು ಚರಿಗೆ ಹಿಡಿದು ಬಂದರೆ, ಮರಿಯ ಹೊಟ್ಟೆ ತುಂಬಿದ ಮೇಲೆ ಬನ್ನಿ ಎಂದು ತಿರುಗಿ ಕಳಿಸುತ್ತಿದ್ದಳು.

ಯಾಕೆಂದು ಕೇಳಿದವರಿಗೆ ಒಂದು ಮಾತು ಹೇಳುತ್ತಿದ್ದಳಂತೆ. ಪ್ರತಿ ಮೈಯೊಳಗೂ ಒಂದು ಹಟ್ಟಿ ಇದೆಯಂತೆ. ಅದನ್ನು ಕಣ್ಣಿಗೆ ಕಾಣದ ನಾಯಿಗಳು ಕಾಯುತ್ತವಂತೆ. ತೋಳ ಬಂದರೆ ಅವು ಬೊಗಳುತ್ತವೆ, ಮೇಲೆ ಬೀಳುತ್ತವೆ. ಆ ಗದ್ದಲಕ್ಕೇ ಮೈ ಸುಡುತ್ತದೆ. ಹೋರಾಡಿ ಸತ್ತ ನಾಯಿಗಳು ಗಾಯದಲ್ಲಿ ಕೀವಾಗಿ ಹೊರಗೆ ಬರುತ್ತವೆ. ಗೆದ್ದ ನಾಯಿಗಳು ಆ ತೋಳದ ವಾಸನೆಯನ್ನು ಮರೆಯುವುದಿಲ್ಲ. ಅದಕ್ಕೇ ಕೆಲವು ಬೇನೆ ಒಮ್ಮೆ ಬಂದವರ ಕಡೆಗೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಆದರೆ ಆಗ ಹುಟ್ಟಿದ ಜೀವದೊಳಗೆ ಇರುವುದು ಕಣ್ಣು ಬಿಡದ ಕುನ್ನಿಗಳು. ಅವು ದೊಡ್ಡವಾಗುವ ತನಕ ತಾಯಿ ತನ್ನ ನಾಯಿಗಳನ್ನು ಎರವಲು ಕಳಿಸುತ್ತಾಳೆ. ಅವು ಬರುವ ದಾರಿ ಮೊದಲ ಹಾಲು.

ಲಗಮವ್ವನಿಗೆ ಒಬ್ಬಳೇ ಮಗಳು, ಮಾಯವ್ವ. ಅವಳನ್ನು ಇದೇ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಕರೆಯಬೇಕು. ನಡೆಯುವ ಹಟ್ಟಿಯೇ ತವರಾದರೆ ಬಾಣಂತಿಯನ್ನು ಎಲ್ಲಿ ಮಲಗಿಸುವುದು? ಮಾಯವ್ವ ಅತ್ತೆಯ ಮನೆಯಲ್ಲೇ ಹೆತ್ತಳು. ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಸುದ್ದಿ ಕೇಳಿ ಲಗಮವ್ವ ಓಡಿ ಬಂದಾಗ, ಅತ್ತೆ ರಾಯವ್ವ ಸೊಸೆಯ ಎದೆಹಾಲನ್ನು ಗೋಡೆಯ ಬುಡಕ್ಕೆ ಹಿಂಡಿಸುತ್ತಿದ್ದಳು. ಮೊದಲ ಹಾಲು ಹೊಲಸು, ಅದನ್ನು ಚೆಲ್ಲಬೇಕು, ಬಿಳಿ ಹಾಲು ಬರುವ ತನಕ ಕೂಸಿಗೆ ಬೆಲ್ಲದ ನೀರು ನೆಕ್ಕಿಸಬೇಕು. ಆಗಿನ ರೂಢಿ ಅದು.

“ಚೆಲ್ಲಬ್ಯಾಡ ಬೀಗತಿ, ಕೂಸಿನ ಬಾಯಿಗೆ ಹಚ್ಚು,” ಅಂದಳಂತೆ ಲಗಮವ್ವ.

“ಕುರಿ ಕಾದೂ ಕಾದೂ ನಿನಗ ಮರಿ ಯಾವುದು, ಕೂಸು ಯಾವುದು ತಿಳೀದಂಗ ಆಗೇತಿ,” ಎಂದು ರಾಯವ್ವ ನಕ್ಕಳಂತೆ.

“ತಿಳೀತೈತಿ. ಮರಿಗೆ ಕುಡಸ್ತೀವಿ, ಕೂಸಿಂದು ಚೆಲ್ತೀವಿ. ಅಷ್ಟ ಫರಕು.”

ರಾಯವ್ವನ ಮುಖ ಬಿಗಿಯಿತು. “ಹೆಣ್ಣಿಗೆ ನೀ ಏನರ ಮಾಡ್ಕೊ. ನನ್ನ ಮನಿ ಗಂಡುಕೂಸಿಗೆ ಕೈ ಹಚ್ಚಬ್ಯಾಡ.”

ಲಗಮವ್ವ ಸೆರಗೊಡ್ಡಿ ಬೇಡಿದಳಂತೆ. ರಾಯವ್ವ ಕೇಳಲಿಲ್ಲ. ಹೆಣ್ಣುಕೂಸು ತಾಯಿಯ ಎದೆಗೆ ಹೋಯಿತು. ಗಂಡುಕೂಸಿಗೆ ಬೆಳ್ಳಿ ಬಟ್ಟಲಲ್ಲಿ ಬೆಲ್ಲದ ನೀರು ಬಂತು.

ಅದೇ ದಿನಗಳಲ್ಲಿ ಓಣಿಯಲ್ಲಿ ಬೇನೆ ಕಾಲಿಟ್ಟಿತು. ಒಂದು ಮಧ್ಯಾಹ್ನ ಗಾಳಿ ನಿಂತು, ಬೇವಿನ ಹೂವು ಮಾತ್ರ ತಾನಾಗಿ ಉದುರುತ್ತಿತ್ತಂತೆ. ಹೆಣ್ಣುಕೂಸಿನ ಮೈ ಕಾದ ಹಂಚಾಯಿತು. ಅದು ಕಿರುಚಿದ್ದೇ ಕಿರುಚಿದ್ದು. ಮನೆಮಂದಿಯೆಲ್ಲ ಅದನ್ನೇ ಸುತ್ತಿಕೊಂಡರು. ರಾಯವ್ವ ಬಾಗಿಲಿಗೆ ಒರಗಿ, “ಇದೇನು ರಂಪ ಮಾಡ್ತೈತ್ರಿ! ನನ್ನ ಮೊಮ್ಮಗನ್ನ ನೋಡ್ರಿ, ಎಷ್ಟು ಜಾಣ. ತಣ್ಣಗ ಮಲಗ್ಯಾನ,” ಅಂದಳಂತೆ.

ಆ ಮಾತು ಕಿವಿಗೆ ಬಿದ್ದದ್ದೇ, ಲಗಮವ್ವ ಸುಡುವ ಕೂಸನ್ನು ಮಗಳ ಮಡಿಲಿಗೆ ಕೊಟ್ಟು ತೊಟ್ಟಿಲ ಕಡೆಗೆ ಹೋದಳು. ಅಂಗಾಲು ಮುಟ್ಟಿದಳು. ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತಂತೆ. ಅಂಥ ಮರಿಗಳನ್ನು ಅವಳು ಎಳೆವಯಸ್ಸಿನಲ್ಲಿ ಕಂಡಿದ್ದಳು. ಬೊಗಳುವ ನಾಯಿಗಳೇ ಇಲ್ಲದ ಹಟ್ಟಿ. ತೋಳ ಒಳಗೆ ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.

ಈ ಸಲ ರಾಯವ್ವ ತಡೆಯಲಿಲ್ಲ. ಮಾಯವ್ವ ಎದೆಗೆ ಹಚ್ಚಿಕೊಂಡರೂ ಗಂಡುಕೂಸಿಗೆ ಚೀಪುವ ಬಲವಿರಲಿಲ್ಲ. ಲಗಮವ್ವ ಅದನ್ನು ಕಂಬಳಿಯೊಳಗೆ ತನ್ನ ಮೈಗೆ ಒತ್ತಿಕೊಂಡು ಹೊಲದ ಕಡೆ ನಡೆದಳಂತೆ. ನಾಯಿಗಳನ್ನು ಕರೆಯುವ ಹಾಗೆ ನಾಲಿಗೆಯಿಂದ ಟಕ್ ಟಕ್ ಎನ್ನುತ್ತ ಹಟ್ಟಿಯನ್ನು ಸುತ್ತಿದಳಂತೆ. ಹಟ್ಟಿಯ ನಾಯಿಗಳೆಲ್ಲ ಎದ್ದು, ಒಂದೂ ಬೊಗಳದೆ, ಅವಳ ಹಿಂದೆ ನಡೆದವಂತೆ. ಕುರಿಗಳು ಮೇಯುವುದನ್ನು ಬಿಟ್ಟು ದಾರಿ ಕೊಟ್ಟವಂತೆ. ಕೂಸು ಬದುಕಿತು ಎಂದು ಹೇಳುವವರಿದ್ದಾರೆ. ಬದುಕಲಿಲ್ಲ. ಹೊತ್ತು ಇಳಿಯುವಾಗ ಲಗಮವ್ವನ ನಾಲಿಗೆಯ ಸದ್ದು ನಿಂತಿತು. ಅದೇ ಹೊತ್ತಿಗೆ ಮನೆಯಲ್ಲಿ ಹೆಣ್ಣುಕೂಸು ಬೆವರಿ, ಹಾಲು ಕುಡಿದು, ನಿದ್ದೆ ಹೋಗಿತ್ತು.

ರಾಯವ್ವ ಗೋಡೆಯ ಬುಡದಲ್ಲಿ, ಹಾಲು ಇಂಗಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳಂತೆ. ಲಗಮವ್ವ ಹೊಲದಿಂದ ಮರಳಿ, ಪಕ್ಕದಲ್ಲಿ ಕೂತು ಕಂಬಳಿಯ ಅರ್ಧವನ್ನು ಅವಳ ಮೇಲೆ ಹೊದಿಸಿದಳಂತೆ.

ಆಮೇಲೆ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯ ಬೇನೆ ಎದ್ದರೂ ಸೂಲಗಿತ್ತಿಗಿಂತ ಮೊದಲು ರಾಯವ್ವ ಹೊಸ್ತಿಲಲ್ಲಿ ಇರುತ್ತಿದ್ದಳು. “ಚೆಲ್ಲಿದಾಕಿ ನಾ. ನಾನ ಹೇಳ್ತೀನಿ, ಕುಡಸ್ರಿ,” ಅನ್ನುತ್ತಿದ್ದಳಂತೆ. ಲಗಮವ್ವ ತನ್ನ ಮೋಡದ ಜೊತೆ ನಡೆದು ಹೋದಳು, ಬಂದಳು, ಹೋದಳು. ಒಂದು ವರ್ಷ ಮೋಡ ಬಂತು, ಅದರ ಮುಂದೆ ಅವಳಿರಲಿಲ್ಲ.

ಆ ಹೆಣ್ಣುಕೂಸಿನ ವಂಶ ಬೆಳೆದು ಊರೆಲ್ಲ ಹರಡಿದೆ. ಈಗಲೂ ಅಲ್ಲಿ ಕೂಸನ್ನು ಮೊದಲ ಸಲ ಎದೆಗೆ ಹಚ್ಚುವಾಗ, ಮನೆಯ ಹಿರಿಯಳು ಹೊಸ್ತಿಲಲ್ಲಿ ನಿಂತು ನಾಲಿಗೆಯಿಂದ ಟಕ್ ಟಕ್ ಎನ್ನುತ್ತಾಳೆ. ಯಾವ ನಾಯಿಯೂ ಬರದಿರುವುದನ್ನು ನೋಡಿ ಹೊರಗಿನವರು ನಗುತ್ತಾರೆ. ಮಗುವಿಗೆ ಜ್ವರ ಬಂದರೆ ಊರವರು ಡಾಕ್ಟರ ಬಳಿ ಒಯ್ಯುತ್ತಾರೆ. ದಾರಿಯಲ್ಲಿ ಅದರ ಎದೆಗೆ ಕಿವಿಯಿಟ್ಟು, “ಬೊಗಳಾಕತ್ತಾವ,” ಎಂದು ತಾಯಿಗೆ ಧೈರ್ಯ ಹೇಳುತ್ತಾರೆ. ಆದರೆ ತಣ್ಣಗೆ, ಸದ್ದಿಲ್ಲದೆ ಮಲಗಿದ ಕೂಸನ್ನು ಆ ಊರಿನಲ್ಲಿ ಯಾರೂ ಜಾಣ ಎನ್ನುವುದಿಲ್ಲ. ಮೊದಲು ಅಂಗಾಲು ಮುಟ್ಟಿ ನೋಡುತ್ತಾರೆ.