ಒಂದು ಲಕ್ಷದ ಒಂದು ಕಾಳು

ಬಿದಿರು ಮೆಳೆಯ ಬುಡದಲ್ಲಿ ಇರುವೆಗಳ ಒಂಬತ್ತು ಗೂಡುಗಳಿದ್ದವು, ಮಕ್ಕಳೇ. ಮಳೆಗಾಲಕ್ಕೆಂದು ಅವೆಲ್ಲ ಸೇರಿ ಒಂದೇ ಕಣಜ ತುಂಬಿಸುತ್ತಿದ್ದವು. ಗೂಡಿಗೊಂದರಂತೆ ಒಂಬತ್ತು ಇರುವೆಗಳು ಒಟ್ಟಿಗೆ ಬರಬೇಕು, ತಲೆಗೊಂದು ನವಣೆ ಕಾಳು ಹಾಕಿ ಹೋಗಬೇಕು. ಯಾರದೂ ಹೆಚ್ಚಲ್ಲ, ಯಾರದೂ ಕಡಿಮೆಯಲ್ಲ. ಕಣಜ ಕಾಯುವವಳು ಚಿಮ್ಮಿ. ಮೆತ್ತನೆ ಮನಸ್ಸಿನವಳು, ಆದರೆ ಬಲು ಪುಕ್ಕಲಿ.

ಮೋಡ ಕಟ್ಟಿದ ದಿನ ಚಿಮ್ಮಿ ಎಣಿಸಿ ಮುಗಿಸಿದಳು. "ಒಂದು ಲಕ್ಷದ ಒಂದು ಕಾಳು!" ಎಂದಳು.

ಇರುವೆಗಳೆಲ್ಲ ಕುಣಿದಾಡಿದವು. ಲಕ್ಷವೆಂಬ ಮಾತನ್ನು ಆ ಮೆಳೆ ಕೇಳಿದ್ದೇ ಅದು ಮೊದಲು. ಎಲ್ಲರಿಗಿಂತ ಹಿರಿಯಳಾದ ಕರಿಯಜ್ಜಿ ಮಾತ್ರ ನಗಲಿಲ್ಲ.

"ಒಂಬತ್ತೊಂಬತ್ತಾಗಿ ಬಂದ ಕಾಳು ಒಂಬತ್ತು ಸಮಪಾಲು ಆಗಲೇಬೇಕು. ಇದು ಆಗುವುದಿಲ್ಲವಲ್ಲ!"

"ಪಾಲು ಹಾಕದೆಯೇ ನಿನಗೆ ಹೇಗೆ ಗೊತ್ತಾಯಿತು ಅಜ್ಜಿ?" ದೊಡ್ಡ ಗೂಡಿನ ಯಜಮಾನ ದಡಿಯಣ್ಣ ಕೇಳಿದ.

"ಹತ್ತನ್ನು ಒಂಬತ್ತು ಪಾಲು ಮಾಡು, ಒಂದು ಉಳಿಯುತ್ತದೆ. ನೂರರಲ್ಲೂ ಒಂದೇ, ಸಾವಿರದಲ್ಲೂ ಒಂದೇ, ಲಕ್ಷದಲ್ಲೂ ಒಂದೇ. ಅದಕ್ಕೇ ಅಂಕಿಗಳನ್ನು ಕೂಡಿದರೆ ಸಾಕು, ಎಷ್ಟು ಉಳಿಯುತ್ತದೆಂದು ತಿಳಿಯುತ್ತದೆ. ಈ ಸಂಖ್ಯೆಯಲ್ಲಿ ಮೊದಲಿಗೊಂದು ಒಂದು, ಕೊನೆಗೊಂದು ಒಂದು, ನಡುವೆ ಬರೀ ಸೊನ್ನೆ. ಕೂಡಿದರೆ ಎರಡು. ಒಂಬತ್ತಾಗಲು ಇನ್ನೂ ಏಳು ಬೇಕು. ಕಡಿಮೆಯೆಂದರೂ ಏಳು ಕಾಳು ಹೋಗಿವೆ."

ಎಲ್ಲರ ಕಣ್ಣೂ ಸೀಬಕ್ಕನ ಗೂಡಿನ ಕಡೆ ತಿರುಗಿತು. ಆ ವರ್ಷ ಗೆದ್ದಲು ಹತ್ತಿ ಅವರ ಗೂಡು ಕುಸಿದಿತ್ತು. ಅವರೆಲ್ಲ ಕಡ್ಡಿಯಂತೆ ಬಡಕಲಾಗಿದ್ದರು.

"ಹಸಿದವರೇ ತಿಂದಿರಬೇಕು. ಇವರಿಗೆ ಈ ಸಲ ಪಾಲಿಲ್ಲ!" ಎಂದ ದಡಿಯಣ್ಣ.

"ಹೊಟ್ಟೆಗಿಲ್ಲದೆ ಮಲಗಿದ್ದೇವೆ, ಆದರೆ ಕಣಜದ ಒಂದು ಕಾಳನ್ನೂ ಮುಟ್ಟಿಲ್ಲ ಅಣ್ಣಾ," ಎಂದಳು ಸೀಬಕ್ಕ. ಯಾರೂ ನಂಬಲಿಲ್ಲ. ಅವಳು ತನ್ನವರನ್ನು ಕರೆದುಕೊಂಡು ಹೊರಟೇಬಿಟ್ಟಳು.

"ನಿಲ್ಲು ಸೀಬಕ್ಕಾ!" ಎಂದು ಕೂಗಿ ಚಿಮ್ಮಿ ಓಡಿಬಂದಳು. "ಕೊಟ್ಟವಳು ನಾನು. ಕಾಲು ಮುರಿದ ಸಗಣಿಹುಳವೊಂದು ಬಾಗಿಲಲ್ಲಿ ಬಿದ್ದಿತ್ತು. ಏಳು ದಿನ, ದಿನಕ್ಕೊಂದು ಕಾಳು ಕೊಟ್ಟೆ. ಬೈಯುತ್ತೀರೆಂದು ಹೆದರಿ ಹೇಳಲಿಲ್ಲ."

"ಕೊಟ್ಟದ್ದಕ್ಕೆ ಯಾರು ಬೈಯುತ್ತಿದ್ದರು, ಹುಚ್ಚಿ?" ಎಂದಳು ಕರಿಯಜ್ಜಿ. "ಇವಳನ್ನು ಕಳ್ಳಿ ಎನ್ನುವಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆಯಲ್ಲ, ಅದು ತಪ್ಪು."

ಚಿಮ್ಮಿ ತಲೆ ತಗ್ಗಿಸಿ ಅತ್ತಳು. ಹೊರಟಿದ್ದ ಸೀಬಕ್ಕ ತಿರುಗಿ ಅವಳ ಹತ್ತಿರ ಬಂದಳು. ಆಮೇಲೆ ಕೇಳಿದಳು, "ಆ ಹುಳ ಈಗ ನಡೆಯುತ್ತಿದೆಯಾ?"

"ಕುಂಟುತ್ತಾ ನಡೆಯುತ್ತಿದೆ ಅಕ್ಕಾ."

"ಹಾಗಾದರೆ ಕಣ್ಣೊರೆಸಿಕೋ."

ಕಾಳು ಹಂಚಿದರು. ಗೂಡಿಗೆ ಹನ್ನೊಂದು ಸಾವಿರದ ನೂರ ಹನ್ನೊಂದು ಬಂತು, ಎರಡು ಉಳಿಯಿತು. ಉಳಿದೆರಡನ್ನು ದಡಿಯಣ್ಣನೇ ಹೊತ್ತು ಸಗಣಿಹುಳಕ್ಕೆ ಕೊಟ್ಟುಬಂದ. ತಿರುಗಿ ಬಂದವನು ಸೀಬಕ್ಕನ ಮುಖ ನೋಡಲಾರದೆ, ಅವಳ ಪಾಲಿನ ಕಾಳುಗಳನ್ನು ಒಂದೊಂದಾಗಿ ಅವಳ ಗೂಡಿಗೆ ಸಾಗಿಸತೊಡಗಿದ.

ನೀತಿ: ಮಾಡಿದ್ದು ಒಳ್ಳೆಯ ಕೆಲಸವೇ ಆದರೂ ಹೆದರಿ ಮುಚ್ಚಿಟ್ಟರೆ, ಏನೂ ಮಾಡದವರು ಅದರ ನೋವು ತಿನ್ನಬೇಕಾಗುತ್ತದೆ.